ಪ್ರಶ್ನೋತ್ತರ: ಜ್ವಾಲಾಮುಖಿಯ ಏರು, ಬಿಸಿಲುನಾಡಿನ ಸೈಕಲ್

ಪ್ರಶ್ನೆ: ಫ್ರಾನ್ಸಿನ ಪ್ಯುಯಿ ದ ಡೋಮ್ ಬರೀ 1,465 ಮೀಟರ್ ಎತ್ತರ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಇದಕ್ಕಿಂತ ಎತ್ತರದ ಘಾಟಿಗಳು ಎಷ್ಟೋ ಇವೆ. ಇದಕ್ಕೇ ಯಾಕೆ ಅಷ್ಟು ಅಂಜಿಕೆ? (ಓದುಗರೊಬ್ಬರು, ಕಲಬುರಗಿ)

ಎತ್ತರಕ್ಕಲ್ಲ, ಆಕಾರಕ್ಕೆ. ಅದು ಆರಿದ ಜ್ವಾಲಾಮುಖಿಯ ಗುಮ್ಮಟ. ಬೇರೆ ಘಾಟಿಗಳಲ್ಲಿ ತಿರುವಿನ ಹೊರಮಗ್ಗುಲಿಗೆ ಏರು ಸಡಿಲವಾಗುತ್ತದೆ, ನಾಲ್ಕು ತುಳಿತ ಉಸಿರು ಬಿಡಬಹುದು. ಇಲ್ಲಿ ರಸ್ತೆ ಗುಡ್ಡಕ್ಕೆ ಹಾವಿನಂತೆ ಸುತ್ತಿಕೊಂಡಿದೆ. ಕೊನೆಯ ನಾಲ್ಕು ಕಿ.ಮೀ. ಸುಮಾರು ಶೇ 12ರ ಏರು, ಅಂದರೆ ನೂರು ಮೀಟರಿಗೆ ಹನ್ನೆರಡು ಮೀಟರ್ ಮೇಲಕ್ಕೆ, ನಡುವೆ ಬಿಡುವೇ ಇಲ್ಲ. 1964ರಲ್ಲಿ ಇಲ್ಲೇ ಫ್ರಾನ್ಸಿನ ಎದುರಾಳಿ ಸವಾರರಾದ ಆಂಕೆಟಿಲ್, ಪುಲಿಡೋರ್ ಮೊಣಕೈಗೆ ಮೊಣಕೈ ತಾಗಿಸಿ ಏರಿದರು. ಪುಲಿಡೋರ್ ಆಂಕೆಟಿಲ್ ಮೇಲೆ 42 ಸೆಕೆಂಡ್ ಗಳಿಸಿದರೂ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ 14 ಸೆಕೆಂಡಿನಲ್ಲಿ ಕೈತಪ್ಪಿತು. 1988ರ ನಂತರ ಟೂರ್ ಇಲ್ಲಿಗೆ ಮರಳಿದ್ದು 2023ರಲ್ಲಿ. ಆ ದಿನ ಗೆದ್ದವರು ಕೆನಡಾದ ಮೈಕೆಲ್ ವುಡ್ಸ್.

ಪ್ರಶ್ನೆ: ನಮ್ಮ ಕಡೆ ಏರೇ ಇಲ್ಲ. ಅಂಥ ಸ್ಪರ್ಧೆಗೆ ತಯಾರಿ ಹೇಗೆ? (ಸೇಡಂ)

ಗಾಳಿಯನ್ನೇ ಗುಡ್ಡ ಮಾಡಿಕೊಳ್ಳಿ. 65 ಕೆ.ಜಿ. ಸವಾರ, ಸೈಕಲ್ಲು, ನೀರು ಸೇರಿ 76 ಕೆ.ಜಿ. ಆದರೆ ಶೇ 12ರ ಏರಿನಲ್ಲಿ ಗಂಟೆಗೆ 6 ಕಿ.ಮೀ. ಸಾಗಲು ಸುಮಾರು 160 ವಾಟ್ ಬೇಕು. ಮುಂಗಾರಿನ ಪಶ್ಚಿಮ ಗಾಳಿ ಗಂಟೆಗೆ 20 ಕಿ.ಮೀ. ಬೀಸುವಾಗ ಅದಕ್ಕೆ ಎದುರಾಗಿ 50–15 ಗೇರಿನಲ್ಲಿ (ಮುಂದಿನ ಹಲ್ಲುಚಕ್ರಕ್ಕೆ 50 ಹಲ್ಲು, ಹಿಂದಿನದಕ್ಕೆ 15) ನಿಮಿಷಕ್ಕೆ 50 ಸುತ್ತು ತುಳಿದರೆ ವೇಗ 21 ಕಿ.ಮೀ. ಆಸುಪಾಸು, ಶ್ರಮ ಹೆಚ್ಚುಕಡಿಮೆ ಅಷ್ಟೇ. ಏರಿನಂತೆಯೇ, ತುಳಿತ ನಿಲ್ಲಿಸಿದ ಕೂಡಲೇ ಗಾಡಿ ಸೋಲುತ್ತದೆ. ಮೊದಲು 10 ನಿಮಿಷದ ಎರಡು ಸಲ, ಎಂಟು ವಾರದಲ್ಲಿ ಬಿಡುವಿಲ್ಲದೆ 40 ನಿಮಿಷಕ್ಕೆ ಬನ್ನಿ. ಮಂಡಿಚಿಪ್ಪಿನ ಮುಂದೆ ನೋವು ಕಂಡರೆ ಗೇರು ಹಗುರ ಮಾಡಿ, ಹಟ ಬೇಡ. ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಂದಿನ ಚಕ್ರಕ್ಕೆ ಕೂರಿಸುವ ಸಾಧನ) ಇದ್ದರೆ ಮುಂದಿನ ಚಕ್ರದ ಕೆಳಗೆ ಶಹಾಬಾದ್ ಪರಸಿಯ ನಾಲ್ಕೈದು ತುಂಡು ಇಟ್ಟು 12 ಸೆಂ.ಮೀ. ಎತ್ತರಿಸಿ. ಸೊಂಟ ಏರಿನ ಭಂಗಿಗೆ ಒಗ್ಗುತ್ತದೆ.

ಪ್ರಶ್ನೆ: ಹಳೆಯ ರೇಸ್ ಸೈಕಲ್ ಕೊಂಡಿದ್ದೇನೆ. ಮುಂದೆ 53–39, ಹಿಂದೆ 11–25. ಸಾಕೇ? (ಹುಮನಾಬಾದ್)

ಸಾಲದು. 39–25ರಲ್ಲಿ ಗಂಟೆಗೆ 6 ಕಿ.ಮೀ. ಹೋದರೆ ಪೆಡಲು ನಿಮಿಷಕ್ಕೆ 30 ಸುತ್ತು; ಅದು ತುಳಿತವಲ್ಲ, ಗಾಣ. 34–34 ಆದರೆ 47 ಸುತ್ತು ಸಿಗುತ್ತದೆ. ಮುಂದಿನ ಹಲ್ಲುಚಕ್ರವೊಂದನ್ನೇ ಬದಲಿಸಿದರೆ ಆದೀತು ಎಂದುಕೊಳ್ಳಬೇಡಿ: ನಿಮ್ಮ ಕ್ರ್ಯಾಂಕಿನ (ಪೆಡಲಿನ ತೋಳು) ಬೋಲ್ಟ್ ವೃತ್ತ, ಅಂದರೆ ಹಲ್ಲುಚಕ್ರದ ಬೋಲ್ಟುಗಳು ಕೂರುವ ವೃತ್ತದ ವ್ಯಾಸ, 130 ಮಿ.ಮೀ. ಆಗಿದ್ದರೆ 38 ಹಲ್ಲಿಗಿಂತ ಸಣ್ಣದು ಕೂರುವುದಿಲ್ಲ. 110 ಮಿ.ಮೀ.ನ 50–34 ಕ್ರ್ಯಾಂಕ್ ಇಡಿಯಾಗಿ ಬೇಕು. ಹಿಂದೆ 34 ಹಲ್ಲು ಹಾಕುವುದಾದರೆ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೇಲರೂ ಉದ್ದ ಕೇಜಿನದು (ಚೈನು ಹಾಯುವ ತೋಳು ಉದ್ದವಿರುವುದು) ಬೇಕು. ಹೊಸ ಚೈನನ್ನು ಡಿರೇಲರಿಗೆ ಪೋಣಿಸದೆ ಮುಂದಿನ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ಒಂದು ಇಂಚು ಹೆಚ್ಚಿಟ್ಟು ಕತ್ತರಿಸಿ. ಗಿಡ್ಡವಾದರೆ ಏರಿನ ಮಧ್ಯೆ ಡಿರೇಲರ್ ತೂಗುವ ಹ್ಯಾಂಗರ್ ಮುರಿದು, ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಡಿರೇಲರನ್ನು ಕೆಳಗಿಳಿಸಿ, 50ರ ಹಲ್ಲಿನ ಮೇಲೆ 2 ಮಿ.ಮೀ. ಬಿಡಿ. ಇದನ್ನು ಮರೆತು ‘ಚೈನು ಬೀಳುತ್ತದೆ’ ಎಂದು ಬರೆಯುವವರೇ ಹೆಚ್ಚು.

ಪ್ರಶ್ನೆ: ನಮ್ಮ ಕರಿಮಣ್ಣೂ ಜ್ವಾಲಾಮುಖಿಯದೇ ಅಂತಾರೆ. ಹಾಗಾದರೆ ಬೆಟ್ಟ ಎಲ್ಲಿ? (ಆಳಂದ)

ಸುಮಾರು 6.6 ಕೋಟಿ ವರ್ಷದ ಹಿಂದಿನ ದಖ್ಖನ್ ಲಾವಾ ನೆಲದ ಬಿರುಕುಗಳಿಂದ ಉಕ್ಕಿ, ಪದರಪದರವಾಗಿ ಹರಡಿ ಮಲಗಿತು, ಶಂಕುವಾಗಿ ನಿಲ್ಲಲಿಲ್ಲ. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆಯೂ ಅದೇ ಶಿಲೆ ಕೊಳೆತು ಆದದ್ದು. ಯಾದಗಿರಿ ಬೆಟ್ಟದ ಗ್ರಾನೈಟ್ ಬೇರೆ ಕತೆ, ಅದು ಇದಕ್ಕಿಂತ ಬಹಳ ಹಳೆಯದು.

ಪ್ರಶ್ನೆ: ಇಳಿಯುವಾಗ ಟ್ಯೂಬ್ ಸಿಡಿಯುತ್ತದೆಯಂತೆ, ನಿಜವೇ? (ಶಹಾಪುರ)

ಚಕ್ರದ ಅಂಚನ್ನೇ (ರಿಮ್) ಒತ್ತುವ ರಿಮ್ ಬ್ರೇಕನ್ನು ಹಿಡಿದೇ ಇಳಿದರೆ ನಿಜ. ರಿಮ್ ಕಾದು ಒಳಗಿನ ಗಾಳಿ ಹಿಗ್ಗುತ್ತದೆ. ತಿರುವಿಗೆ ಮುಂಚೆ ಎರಡು–ಮೂರು ಸೆಕೆಂಡ್ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಇಟಲಿಯ ಎಟ್ನಾದಂಥ ಜೀವಂತ ಜ್ವಾಲಾಮುಖಿಯ ಪಕ್ಕದ ರಸ್ತೆಯಲ್ಲಿ ಕರಿಬೂದಿ ಕಂಡರೆ ಬಾಗಬೇಡಿ: ಕಾಳುಗಳು ಗುಂಡಿನಂತೆ ಉರುಳುತ್ತವೆ. ಕೆಳಗಿಳಿದ ಮೇಲೆ ಬ್ರೇಕ್ ಪ್ಯಾಡಿನಲ್ಲಿ ಕಚ್ಚಿಕೊಂಡ ಹರಳನ್ನು ಸೂಜಿಯಿಂದ ಕಿತ್ತುಹಾಕಿ, ಇಲ್ಲವಾದರೆ ಅದು ರಿಮ್ಮನ್ನು ಕೊರೆಯುತ್ತದೆ.