ಮ್ಯಾಚ್ ಯಾರ ಕೈಯಲ್ಲಿ, ಬಿಲ್ ಯಾರ ತಲೆಗೆ? – ಓದುಗರ ಪ್ರಶ್ನೋತ್ತರ

ಕ್ರಿಕೆಟ್ ಸೀಸನ್ ಹತ್ತಿರ ಬಂತೆಂದರೆ ಮುಂಬಯಿ, ಪುಣೆ, ಗೋವಾ ಕಡೆಯ ಓದುಗರು ಡಿಶ್, ಕೇಬಲ್, ರೀಚಾರ್ಜ್ ಬಗ್ಗೆ ಕೇಳುವುದು ಹೆಚ್ಚಾಗುತ್ತದೆ. ಈ ಸಂಚಿಕೆಯನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮದು ಹಳೆಯ ಕೇಬಲ್ ಕನೆಕ್ಷನ್. ಸ್ಟೇಷನ್ ಹೊರಗೆ ಸ್ಟಾಲ್ ಹಾಕಿರುವ ಡಿಟಿಎಚ್ ಏಜೆಂಟ್, "ಇನ್ನು ಮೇಲೆ ಐಪಿಎಲ್ ನಮ್ಮಲ್ಲಿ ಮಾತ್ರ ಬರೋದು, ಕೇಬಲ್‌ನಲ್ಲಿ ಇಲ್ಲ" ಅಂದ. ನಿಜವೇ? ಎಲ್ಲ ಮ್ಯಾಚ್ ಯಾವ ಕಂಪನಿಯಲ್ಲಿ ಸಿಗುತ್ತದೆ?
– ಡೊಂಬಿವಲಿ ಪೂರ್ವದ ಓದುಗರು

ಅಪ್ಪಟ ಸುಳ್ಳು. ಆ ಮಾತಿಗೆ ಮರುಳಾಗಿ ಹೊಸ ಬಾಕ್ಸಿಗೆ ದುಡ್ಡು ಕೊಡಬೇಡಿ.

ಪಂದ್ಯದ ಹಕ್ಕು ಕೊಳ್ಳುವವರು ಚಾನೆಲ್ ನಡೆಸುವವರು. ಡಿಟಿಎಚ್ ಮತ್ತು ಕೇಬಲ್ ಕಂಪನಿಗಳು ಆ ಚಾನೆಲನ್ನು ಮನೆಗೆ ಮುಟ್ಟಿಸುವವರು, ಅಷ್ಟೆ. ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ, ಕೇಳಿದ ಯಾವ ವಿತರಕರಿಗೂ ಚಾನೆಲ್‌ನವರು ತಾರತಮ್ಯ ಮಾಡದೆ ಸಿಗ್ನಲ್ ಕೊಡಬೇಕು. ಒಬ್ಬರಿಗೇ ಕಟ್ಟಿಕೊಡುವ ಹಾಗಿಲ್ಲ. ಚಾನೆಲಿನ ಎಂಆರ್‌ಪಿ ಘೋಷಿಸುವವರೂ ಅವರೇ, ಯಾವ ವಿತರಕರೂ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಹಾಗಾಗಿ ಏಜೆಂಟರು ಪರಸ್ಪರ ಪೈಪೋಟಿ ನಡೆಸುವುದು ಬಾಕ್ಸಿನ ಬೆಲೆ, ತಿಂಗಳ ನೆಟ್‌ವರ್ಕ್ ಶುಲ್ಕ, ಪ್ಯಾಕಿನ ರಿಯಾಯಿತಿ ಮತ್ತು ಸರ್ವಿಸ್ ವಿಷಯದಲ್ಲಿ. ಮ್ಯಾಚ್ ಅವರ ಕೈಯಲ್ಲಿಲ್ಲ.

ಹಕ್ಕು ಯಾರ ಬಳಿ ಇದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. 2023ರಿಂದ 2027ರವರೆಗಿನ ಐಪಿಎಲ್ ಟಿವಿ ಹಕ್ಕನ್ನು ಸ್ಟಾರ್ 23,575 ಕೋಟಿ ರೂಪಾಯಿಗೆ ಹಿಡಿಯಿತು. ಭಾರತ ತಂಡ ತವರಿನಲ್ಲಿ ಆಡುವ ಸರಣಿಗಳ ಹಕ್ಕನ್ನು 2028ರ ಮಾರ್ಚ್‌ವರೆಗೆ 5,963 ಕೋಟಿಗೆ ವಯಾಕಾಮ್18 ತೆಗೆದುಕೊಂಡಿತು. 2024ರ ನವೆಂಬರ್‌ನಲ್ಲಿ ಇವೆರಡೂ ಒಂದಾಗಿ ಜಿಯೋಸ್ಟಾರ್ ಆದವು. 2027ರವರೆಗಿನ ಐಸಿಸಿ ಪಂದ್ಯಗಳ ಹಕ್ಕನ್ನು ಪಡೆದದ್ದೂ ಸ್ಟಾರ್. ಏಷ್ಯಾ ಕಪ್ 2031ರವರೆಗೆ ಸೋನಿಯದು. ಕ್ರಿಕೆಟ್ ಮಟ್ಟಿಗೆ ಹೇಳುವುದಾದರೆ ಸ್ಟಾರ್ ಒಂದಿದ್ದರೆ ವರ್ಷದ ಬಹುಪಾಲು ಮುಗಿಯಿತು. ಸೋನಿ ಬೇಕಾಗುವುದು ಕೆಲವು ಸರಣಿಗಳಿಗೆ ಮಾತ್ರ. ವರ್ಷಪೂರ್ತಿ ಎರಡಕ್ಕೂ ಕಟ್ಟುವುದು ದಂಡ.

ಕನ್ನಡಿಗರು ಕಂಪನಿ ಬದಲಾಯಿಸಲು ನಮಗೆ ಕಾಣುವ ನ್ಯಾಯವಾದ ಕಾರಣ ಬೇರೆಯೇ ಇದೆ. ಮುಂಬಯಿ, ಠಾಣೆ ಕಡೆಯ ಕೇಬಲ್‌ನವರ ಚಾನೆಲ್ ಜಾಗ ಮರಾಠಿ, ಹಿಂದಿ, ಗುಜರಾತಿಗಳಿಂದಲೇ ತುಂಬಿರುತ್ತದೆ. ನೋಡುಗರು ಕಡಿಮೆ ಇರುವ ಚಾನೆಲನ್ನು ಕೈಬಿಡಲು ನಿಯಮದಲ್ಲೂ ಅವಕಾಶವಿದೆ. ಹಾಗಾಗಿ ಕನ್ನಡ ಕಾಮೆಂಟರಿಯ ಕ್ರೀಡಾ ಚಾನೆಲ್ ಕೇಬಲ್‌ನಲ್ಲಿ ಇಲ್ಲದಿರಬಹುದು. ಡಿಟಿಎಚ್ ಉಪಗ್ರಹದ ಸಿಗ್ನಲ್ ಬೆಂಗಳೂರಿಗೂ ಡೊಂಬಿವಲಿಗೂ ಒಂದೇ, ಅಲ್ಲಿ ಸಿಗುವ ಕನ್ನಡ ಚಾನೆಲ್ ಇಲ್ಲೂ ಸಿಗುತ್ತದೆ. ಮೊದಲು ಕೇಬಲ್‌ನವರ ಚಾನೆಲ್ ಪಟ್ಟಿ ತರಿಸಿ ನೋಡಿ. ಅದರಲ್ಲಿ ನಿಮಗೆ ಬೇಕಾದ ಕನ್ನಡ ಚಾನೆಲ್‌ಗಳು ಇದ್ದರೆ ಸುಮ್ಮನೆ ಇದ್ದಲ್ಲೇ ಇರಿ.

ತಿಂಗಳಿಗೆ 450 ರೂಪಾಯಿ ದಾಟುತ್ತಿದೆ. ನೋಡುವುದು ನಾಲ್ಕಾರು ಕನ್ನಡ ಚಾನೆಲ್ ಮತ್ತು ಕ್ರಿಕೆಟ್. "ಸಿಂಗಲ್ ಚಾನೆಲ್ ಕೊಡಲ್ಲ, ಪ್ಯಾಕೇ ತಗೋಬೇಕು" ಅನ್ನುತ್ತಾರೆ.
– ಪಿಂಪ್ರಿಯ ಓದುಗರು

ಕೊಡಲೇಬೇಕು. ಬಿಡಿ ಚಾನೆಲ್ ಆರಿಸಿಕೊಳ್ಳುವುದು 2019ರಿಂದ ನಿಮ್ಮ ಹಕ್ಕು. ಆದರೆ ಬಿಡಿಯಾಗಿ ಕೊಂಡರೆ ಯಾವಾಗಲೂ ಅಗ್ಗವೆಂದು ತಿಳಿಯಬೇಡಿ, ಬಹಳ ಜನ ಏಟು ತಿನ್ನುವುದು ಇಲ್ಲೇ.

ಬಿಲ್ಲಿನಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ನೆಟ್‌ವರ್ಕ್ ಶುಲ್ಕ, ಅಂದರೆ ಎನ್‌ಸಿಎಫ್. 2020ರ ಬದಲಾವಣೆಯ ನಂತರ 200 ಚಾನೆಲ್‌ವರೆಗೆ ಇದರ ಮಿತಿ 130 ರೂಪಾಯಿ ಇತ್ತು, ಶೇ. 18 ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. 2024ರ ಜುಲೈಯಲ್ಲಿ ಟ್ರಾಯ್ ಈ ಮಿತಿಯನ್ನು ತೆಗೆದು, ದರ ನಿಗದಿಯನ್ನು ಕಂಪನಿಗಳಿಗೇ ಬಿಟ್ಟಿತು. ಕಂಪನಿ ಕಂಪನಿಗೆ ನಿಜವಾದ ವ್ಯತ್ಯಾಸ ಸಿಗುವುದು ಇಲ್ಲೇ, ಆದ್ದರಿಂದ ಹೋಲಿಸುವಾಗ ಮೊದಲು ಕೇಳಬೇಕಾದದ್ದು "ನಿಮ್ಮ ಎನ್‌ಸಿಎಫ್ ಎಷ್ಟು?" ಎಂದು. ಎರಡನೆಯದು ಚಾನೆಲ್ ಅಥವಾ ಬೊಕೆಯ, ಅಂದರೆ ಹಲವು ಚಾನೆಲ್‌ಗಳ ಕಟ್ಟಿನ, ಬೆಲೆ. ಮೂರನೆಯದು ಎಲ್ಲದರ ಮೇಲಿನ ಜಿಎಸ್‌ಟಿ. 19 ರೂಪಾಯಿಯ ಚಾನೆಲ್ ಕೈಗೆ ಬರುವಾಗ 22 ರೂಪಾಯಿ 42 ಪೈಸೆ.

ಬೊಕೆಗಳಲ್ಲಿ ಎರಡು ಬಗೆ. ಚಾನೆಲ್‌ನವರೇ ಕಟ್ಟಿದ ಬೊಕೆ ಭಾಷೆವಾರು ಇರುತ್ತದೆ. ಕಂಪನಿಯವರು ಹಲವು ನೆಟ್‌ವರ್ಕ್‌ಗಳನ್ನು ಸೇರಿಸಿ ಕಟ್ಟಿದ ಪ್ಯಾಕ್ ಇನ್ನೊಂದು. ಪುಣೆ ವಿಳಾಸಕ್ಕೆ ಏಜೆಂಟ್ ಹಾಕಿಕೊಡುವುದು ಸಾಮಾನ್ಯವಾಗಿ ಮರಾಠಿ-ಹಿಂದಿ ಪ್ಯಾಕ್. ಅದರ ಮೇಲೆ ನೀವು ಕನ್ನಡ ಚಾನೆಲ್ ಒಂದೊಂದಾಗಿ ಸೇರಿಸುತ್ತಾ ಹೋದಿರಿ, ಬಿಲ್ ಏರಿತು. ಸರಿಪಡಿಸುವುದು ಹೀಗೆ: ಕಂಪನಿಯ ಆಪ್‌ನಲ್ಲಿ ಈಗಿನ ಪ್ಯಾಕಿನ ವಿವರ ತೆಗೆದು, ಮನೆಯವರು ಕಳೆದ ವಾರ ನೋಡಿದ ಚಾನೆಲ್‌ಗಳಿಗೆ ಮಾತ್ರ ಗುರುತು ಹಾಕಿ. ಅವನ್ನು ನೆಟ್‌ವರ್ಕ್ ಪ್ರಕಾರ ವಿಂಗಡಿಸಿ – ಸ್ಟಾರ್ ಸುವರ್ಣ ಮತ್ತು ಸ್ಟಾರ್ ಸ್ಪೋರ್ಟ್ಸ್ ಒಂದು ಮನೆಯವು, ಜೀ ಕನ್ನಡ ಇನ್ನೊಂದು, ಉದಯ ಮತ್ತೊಂದು. ಒಂದೇ ನೆಟ್‌ವರ್ಕಿನ ಎರಡು ಚಾನೆಲ್ ಬೇಕಿದ್ದರೆ ಆ ನೆಟ್‌ವರ್ಕಿನ ಕನ್ನಡ ಬೊಕೆಯ ಬೆಲೆ ನೋಡಿ. ಬಿಡಿ ಬೆಲೆಗಳ ಮೊತ್ತಕ್ಕಿಂತ ಬೊಕೆ ಗರಿಷ್ಠ ಶೇ. 45ರಷ್ಟು ಅಗ್ಗವಾಗಿರಬಹುದು. ಹತ್ತೊಂಬತ್ತರ ಎರಡು ಚಾನೆಲ್‌ಗೆ 38 ಆಗುತ್ತದೆ. ಅವೆರಡೂ ಇರುವ ಬೊಕೆ 38ರ ಒಳಗಿದ್ದರೆ, ಉಳಿದವನ್ನು ನೋಡದಿದ್ದರೂ ಬೊಕೆಯೇ ಲಾಭ. ಒಂದೇ ಚಾನೆಲ್ ಬೇಕಿದ್ದರೆ ಬಿಡಿಯಾಗಿ ತೆಗೆದುಕೊಳ್ಳಿ.

ಒಂದೇ ಬೊಕೆಯಲ್ಲಿ ಒಂದು ಚಾನೆಲಿನ ಎಸ್‌ಡಿ, ಎಚ್‌ಡಿ ಎರಡೂ ಇರುವಂತಿಲ್ಲ. ಆದ್ದರಿಂದ ಎಸ್‌ಡಿ ಬೊಕೆ ಇಟ್ಟುಕೊಂಡು ಪಂದ್ಯಕ್ಕೆಂದು ಎಚ್‌ಡಿ ಸೇರಿಸಿದರೆ ಒಂದೇ ಪಂದ್ಯಕ್ಕೆ ಎರಡು ಸಲ ಕಟ್ಟಿದಂತಾಗುತ್ತದೆ. ಬಹಳ ಬಿಲ್ಲುಗಳಲ್ಲಿ ಈ ಜೋಡಿ ಅಡಗಿರುತ್ತದೆ, ಹುಡುಕಿ ನೋಡಿ.

ಕ್ರೀಡಾ ಚಾನೆಲ್ ಮಾತ್ರ ಸೀಸನ್‌ಗೆ ತಕ್ಕಂತೆ ಹಾಕಿ-ತೆಗೆಯಿರಿ. ತೆಗೆಯುವ ಮುಂಚೆ ನಿಮ್ಮ ಖಾತೆಯಲ್ಲಿ ದುಡ್ಡು ಕಡಿತವಾಗುವುದು ದಿನವಹಿಯೋ ತಿಂಗಳವಹಿಯೋ ತಿಳಿದುಕೊಳ್ಳಿ. ದಿನವಹಿ ಇದ್ದರೆ ಫೈನಲ್ ಮರುದಿನವೇ ತೆಗೆಯಬಹುದು. ತಿಂಗಳವಹಿ ಇದ್ದರೆ ತಿಂಗಳು ಮುಗಿಯುವ ಹಿಂದಿನ ದಿನ ತೆಗೆಯಿರಿ, ಮರೆತರೆ ಮತ್ತೊಂದು ತಿಂಗಳ ದುಡ್ಡು ಹೋಗುತ್ತದೆ.

ಊರಲ್ಲಿ, ಕುಂದಾಪುರದ ಮನೆಯಲ್ಲಿ, ಫ್ರೀ ಡಿಶ್‌ನಲ್ಲಿ ಭಾರತದ ಮ್ಯಾಚ್ ದೂರದರ್ಶನದಲ್ಲಿ ಪುಕ್ಕಟೆ ಬರುತ್ತದೆ. ಇಲ್ಲಿ ಕೇಬಲ್‌ನಲ್ಲಿ ಅದೇ ದೂರದರ್ಶನ ಹಾಕಿದರೆ ಬೇರೇನೋ ಕಾರ್ಯಕ್ರಮ. ಕೇಬಲ್‌ನವನ ಕಿತಾಪತಿಯೇ?
– ಘಾಟ್ಕೋಪರ್‌ನ ಓದುಗರು

ಅವರ ತಪ್ಪಿಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಹಕ್ಕುದಾರರು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಆ ಹಂಚಿದ ಸಿಗ್ನಲ್ ದೂರದರ್ಶನದ ಸ್ವಂತ ಭೂಪ್ರಸಾರ (ಆಂಟೆನಾದಲ್ಲಿ ಸಿಗುವುದು) ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಅದಕ್ಕೇ ಕೇಬಲ್‌ಗೆ ಹೋಗುವ ದೂರದರ್ಶನದಲ್ಲಿ ಬೇರೆ ಕಾರ್ಯಕ್ರಮ ಇರುತ್ತದೆ.

ಫ್ರೀ ಡಿಶ್ ಮುಂಬಯಿಯಲ್ಲೂ ಹಾಕಿಸಬಹುದು. ಡಿಶ್, ಬಾಕ್ಸ್, ಕೇಬಲ್‌ಗೆ ಒಂದೇ ಸಲದ ಖರ್ಚು, ತಿಂಗಳ ಬಾಡಿಗೆ ಇಲ್ಲ. ಭಾರತ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳು ರಾಷ್ಟ್ರೀಯ ಮಹತ್ವದ ಪಂದ್ಯಗಳ ಪಟ್ಟಿಯಲ್ಲಿವೆ. ಟೆಸ್ಟ್‌ಗಳಲ್ಲಿ ಸರ್ಕಾರ ಆರಿಸಿದವು ಮಾತ್ರ. ಐಪಿಎಲ್ ಪಟ್ಟಿಯಲ್ಲಿಲ್ಲ. ನಿಮ್ಮ ಮನೆಯವರಿಗೆ ಭಾರತದ ಪಂದ್ಯಗಳೇ ಸಾಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹದಿನಾಲ್ಕನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟ್, ಬಾಲ್ಕನಿ ಪಶ್ಚಿಮಕ್ಕೆ. ಒಂದು ಕಂಪನಿಯವರು "ಸಿಗ್ನಲ್ ಸಿಗಲ್ಲ" ಅಂದರು, ಇನ್ನೊಂದು ಕಂಪನಿಯವರು "ಆಗುತ್ತೆ" ಅಂದರು. ಯಾರನ್ನು ನಂಬುವುದು?
– ಠಾಣೆಯ ಓದುಗರು

ಪಶ್ಚಿಮದ ಬಾಲ್ಕನಿಯಲ್ಲಿ ಯಾವ ಕಂಪನಿಯ ಡಿಶ್ಶೂ ಆಗದು. ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಮುಂಬಯಿಗೆ ಆಗ್ನೇಯ ದಿಕ್ಕಿನಲ್ಲಿವೆ. ಟೆರೇಸಿಗೇ ಹೋಗಬೇಕು, ಅದಕ್ಕೆ ಸೊಸೈಟಿಯ ಲಿಖಿತ ಒಪ್ಪಿಗೆ ಬೇಕು. ಆಗ ಕಂಪನಿಯ ಆಯ್ಕೆ ಮುಖ್ಯವಾಗುತ್ತದೆ. ಫೋನಿನ ದಿಕ್ಸೂಚಿ ಹಿಡಿದು ನೋಡಿ, ಕಬ್ಬಿಣದ ಕಟಕಟೆಯಿಂದ ದೂರ ನಿಂತು: ಟಾಟಾ ಪ್ಲೇಯ 83 ಡಿಗ್ರಿ ಪೂರ್ವದ ಉಪಗ್ರಹ ಸುಮಾರು 151 ಡಿಗ್ರಿ ದಿಕ್ಕಿಗೆ, ನೆಲದಿಂದ 65 ಡಿಗ್ರಿ ಎತ್ತರದಲ್ಲಿದೆ. ಫ್ರೀ ಡಿಶ್‌ನ 93.5 ಡಿಗ್ರಿಯದು 131ಕ್ಕೆ, ಎತ್ತರ 57. ಏರ್‌ಟೆಲ್‌ನ 108.2 ಡಿಗ್ರಿಯದು 115ಕ್ಕೆ, ಎತ್ತರ 44 ಮಾತ್ರ.

ಆ ದಿಕ್ಕಿನಲ್ಲಿ ಎದುರಿನ ಕಟ್ಟಡ ಹತ್ತು ಮೀಟರ್ ದೂರದಲ್ಲಿದ್ದರೆ, ಡಿಶ್‌ಗಿಂತ 21 ಮೀಟರ್ ಎತ್ತರವಿದ್ದರೂ ಟಾಟಾ ಪ್ಲೇ ಸಿಗ್ನಲ್ ಅದರ ಮೇಲಿನಿಂದ ಬರುತ್ತದೆ. ಏರ್‌ಟೆಲ್‌ಗೆ ಒಂಬತ್ತು ಮೀಟರ್ ದಾಟಿದರೆ ಅಡ್ಡ ಬಂತು. ಕಂಪನಿಯ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಕಟ್ಟಡ ಇರುವ ಜಾಗದ ಲೆಕ್ಕ ಇದು. ಡಿಶ್ಶಿನ ತಟ್ಟೆ ಅಷ್ಟು ಮೇಲಕ್ಕೆ ತಿರುಗಿದಂತೆ ಕಾಣದಿದ್ದರೂ ಅದು ನೋಡುವುದು ಮೇಲಕ್ಕೆ. ತಟ್ಟೆಯ ಕೋನ ನೋಡಿ ಅಂದಾಜು ಮಾಡಬೇಡಿ.

ಮಳೆಗಾಲದಲ್ಲಿ ಮ್ಯಾಚ್ ನಡುವೆ ಕ್ರೀಡಾ ಚಾನೆಲ್ ಮಾತ್ರ ಹೋಗುತ್ತದೆ, ಬೇರೆ ಕೆಲವು ಚಾನೆಲ್ ಚೆನ್ನಾಗಿವೆ. "ಆ ಚಾನೆಲ್‌ನವರಿಗೂ ಕಂಪನಿಗೂ ಜಗಳ, ನಮ್ಮ ಕಡೆ ಬನ್ನಿ" ಎನ್ನುತ್ತಾರೆ ಬೇರೆ ಕಂಪನಿಯವರು.
– ವಾಸ್ಕೊದ ಓದುಗರು

ಜಗಳವಾದರೆ ಮಳೆ ನಿಂತ ಕೂಡಲೇ ರಾಜಿಯಾಗುವುದಿಲ್ಲ! ನಿಮ್ಮ ತೊಂದರೆ ಡಿಶ್‌ನಿಂದ ಬಾಕ್ಸಿಗೆ ಬರುವ ಕೇಬಲ್ಲಿನಲ್ಲಿರುವ ಸಾಧ್ಯತೆ ಹೆಚ್ಚು.

ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲ್ ಮೂಲಕ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಚಿಕ್ಕ ಉಪಕರಣಕ್ಕೆ, ಅಂದರೆ ಎಲ್‌ಎನ್‌ಬಿಗೆ, ಕರೆಂಟ್ ಕಳಿಸುತ್ತದೆ: ಅರ್ಧ ಚಾನೆಲ್‌ಗಳಿಗೆ 13 ವೋಲ್ಟ್, ಇನ್ನರ್ಧಕ್ಕೆ 18 ವೋಲ್ಟ್. ಜೋಡಣೆಯಲ್ಲಿ ನೀರು ಸೇರಿ ತಾಮ್ರ ಹಸಿರುಗಟ್ಟಿದರೆ 18 ವೋಲ್ಟ್ ಮೇಲೆ ತಲುಪುವಷ್ಟರಲ್ಲಿ ಕುಸಿಯುತ್ತದೆ. ಆ ಗುಂಪಿನ ಚಾನೆಲ್‌ಗಳಷ್ಟೇ ಮಾಯವಾಗುತ್ತವೆ. ನಿಮ್ಮ ಕ್ರೀಡಾ ಚಾನೆಲ್ ಆ ಗುಂಪಿನಲ್ಲಿದ್ದರೆ ಅದೊಂದೇ ಹೋದಂತೆ ಕಾಣುತ್ತದೆ.

ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪುಟ ತೆಗೆಯಿರಿ. ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿ ಇರುತ್ತವೆ, ನೋಡಬೇಕಾದದ್ದು ಕ್ವಾಲಿಟಿಯನ್ನು. ಜಡಿಮಳೆಯಲ್ಲಿ ಅದು ಇಳಿದು, ಮಳೆ ನಿಂತು ಐದ್ಹತ್ತು ನಿಮಿಷದಲ್ಲಿ ಮೇಲೆ ಬಂದರೆ ಆಕಾಶದ ತೊಂದರೆ. ಯಾವ ಕಂಪನಿಗೆ ಹೋದರೂ ಅದು ತಪ್ಪದು. ಬಿಸಿಲು ಬಂದು ಗಂಟೆಗಟ್ಟಲೆ ಆದರೂ ಏರದಿದ್ದರೆ ಜೋಡಣೆ ಕೆಟ್ಟಿದೆ.

ಮೊದಲು ಬಾಕ್ಸಿನ ಪ್ಲಗ್ ಕೀಳಿ, ಕರೆಂಟ್ ಇರುವಾಗ ತಿರುಪು ಬಿಚ್ಚಿದರೆ ಬಾಕ್ಸ್ ಶಾರ್ಟ್ ಆಗಬಹುದು. ಎಲ್‌ಎನ್‌ಬಿ ಬಳಿಯ ಕನೆಕ್ಟರ್ ಬಿಚ್ಚಿ ಒಳಗಿನ ತಾಮ್ರದ ಕಡ್ಡಿ ನೋಡಿ. ಹೊಳೆಯುತ್ತಿದ್ದರೆ ಸರಿ. ಹಸಿರು ಅಥವಾ ಕಪ್ಪಾಗಿದ್ದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದರೆ ವಾರ ಬಾರದು. ಒಳಗಿನ ಜಾಲರಿ ಬೆಳ್ಳಗೆ ಕಾಣುವವರೆಗೆ ಕೇಬಲನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿಸಿ. ಎಲ್‌ಎನ್‌ಬಿಯಿಂದ ಇಳಿಯುವ ಕೇಬಲ್ ಒಮ್ಮೆ ಕೆಳಗೆ ಜೋತು ಆಮೇಲೆ ಗೋಡೆಗೆ ಏರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಮುದ್ರದ ಉಪ್ಪುಗಾಳಿಯ ವಾಸ್ಕೊದಲ್ಲಿ ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಇದನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಚಾನೆಲ್‌ನವರಿಗೂ ವಿತರಕರಿಗೂ ಜಗಳ ಆಗುವುದೇ ಇಲ್ಲ ಎಂದಲ್ಲ. 2023ರ ಫೆಬ್ರವರಿಯಲ್ಲಿ ಹೊಸ ದರದ ಕರಾರಿಗೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಸೋನಿ, ಜೀ ಮೂವರೂ ಸಿಗ್ನಲ್ ನಿಲ್ಲಿಸಿದ್ದರು. ಆದರೆ ಅಂಥ ಜಗಳಕ್ಕೆ ಮುಂಚೆ ನೋಟಿಸ್ ಕೊಡಬೇಕು, ಪರದೆಯ ಕೆಳಗೆ ಅಕ್ಷರಗಳು ಓಡುತ್ತವೆ; ಆ ನೆಟ್‌ವರ್ಕಿನ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಹೋಗುತ್ತವೆ.

ಡಿಟಿಎಚ್ ಬಿಟ್ಟು ಜಿಯೋಹಾಟ್‌ಸ್ಟಾರ್ ಸಾಕೇ? "ವರ್ಷದ ರೀಚಾರ್ಜ್ ಒಮ್ಮೆಗೇ ಮಾಡಿದರೆ ತಿಂಗಳು ಉಚಿತ" ಎಂದು ಕಂಪನಿಯವರು ಫೋನ್ ಮಾಡುತ್ತಿದ್ದಾರೆ.
– ಪುಣೆ, ಕೊಥ್ರೂಡ್‌ನ ಓದುಗರು

ಮನೆಯಲ್ಲಿ ಮಿತಿಯಿಲ್ಲದ ಬ್ರಾಡ್‌ಬ್ಯಾಂಡ್ ಇದ್ದು, ನೋಡುವುದು ಕ್ರಿಕೆಟ್ ಮಾತ್ರವಾದರೆ ಸಾಕು, ಸೋನಿಯಲ್ಲಿ ಬರುವ ಸರಣಿಗಳನ್ನು ಬಿಟ್ಟು. ಟಿವಿಯಲ್ಲಿ ಒಳ್ಳೆಯ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಹಿಡಿದರೆ ಗಂಟೆಗೆ 2.25 ಜಿಬಿ, ನಾಲ್ಕು ಗಂಟೆಯ ಟಿ20ಗೆ 9 ಜಿಬಿ. ಫೋನಿನ ದಿನದ 2 ಜಿಬಿ ಒಂದು ಇನಿಂಗ್ಸ್‌ಗೂ ಸಾಲದು. ಅಗ್ಗದ ಮೊಬೈಲ್ ಪ್ಲಾನ್ ಟಿವಿಯಲ್ಲಿ ನಡೆಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆರಂಭವಾದಾಗ ಮೂರು ತಿಂಗಳಿಗೆ ಮೊಬೈಲ್ ಪ್ಲಾನ್ 149, ಸೂಪರ್ 299, ಪ್ರೀಮಿಯಂ 499 ರೂಪಾಯಿ ಇತ್ತು. ಕೊಳ್ಳುವ ದಿನದ ದರ ಆಪ್‌ನಲ್ಲೇ ನೋಡಿ. ಆಪ್‌ನಲ್ಲಿ ಚಿತ್ರ ಟಿವಿಗಿಂತ ತಡವಾಗಿ ಬರುತ್ತದೆ, ಪಕ್ಕದ ಮನೆಯವರ ಕೇಕೆ ಮೊದಲು ಕೇಳಿಸುವುದು ಅದರಿಂದಲೇ. ಅಮ್ಮ, ಅತ್ತೆ ದಿನವೂ ಕನ್ನಡ ಧಾರಾವಾಹಿ ನೋಡುವ ಮನೆಯಲ್ಲಿ ಡಿಟಿಎಚ್ ಕೀಳುವುದು ನಮಗೆ ಸರಿ ಕಾಣದು.

ವರ್ಷದ ರೀಚಾರ್ಜ್ ಬಗ್ಗೆ: ಡಿಟಿಎಚ್ ಗ್ರಾಹಕರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಇದ್ದವರನ್ನು ಹಿಡಿದಿಡಲು ಇಂಥ ಫೋನುಗಳು. ಒಪ್ಪುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ವರ್ಷದ ನಡುವೆ ಕ್ರೀಡಾ ಚಾನೆಲ್ ತೆಗೆದರೆ ದುಡ್ಡು ಖಾತೆಗೆ ಮರಳುತ್ತದೆಯೇ, ಊರಿಗೆ ಹೋದಾಗ ತಾತ್ಕಾಲಿಕವಾಗಿ ನಿಲ್ಲಿಸಲು ಎಷ್ಟು ಶುಲ್ಕ, ಬಿಟ್ಟು ಹೋಗುವುದಾದರೆ ಉಳಿದ ತಿಂಗಳ ಹಣ ಸಿಗುತ್ತದೆಯೇ. ಮೊದಲನೆಯದಕ್ಕೆ "ಇಲ್ಲ" ಎಂದರೆ ವರ್ಷದ ರೀಚಾರ್ಜ್ ಬೇಡ. ಸೀಸನ್ ಮುಗಿದ ಮೇಲೆ ಚಾನೆಲ್ ತೆಗೆದು ಉಳಿಸುವ ದುಡ್ಡು ಆ ಒಂದು ಉಚಿತ ತಿಂಗಳಿಗಿಂತ ಹೆಚ್ಚಾಗಬಹುದು. ಮಾತಿಗೆ ತಪ್ಪಿದರೆ ಮೊದಲು ಕಸ್ಟಮರ್ ಕೇರ್‌ನಲ್ಲಿ ದೂರು ಸಂಖ್ಯೆ ಪಡೆಯಿರಿ, ಆಮೇಲೆ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟ್ರಾಯ್‌ಗೆ ಬರೆದು ಕಾಯಬೇಡಿ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ.