ಒಂದೂವರೆ ವರ್ಷದ ಮಗುವಿನ ಜೊತೆ ಶರತ್ಕಾಲದ ಸುತ್ತಾಟ ಬರೀ ಅಳುವಿನಲ್ಲೇ ಮುಗಿಯುತ್ತಿದೆ, ಏನು ಮಾಡಲಿ?

ವಾರಕ್ಕೊಂದು ಜಾಗ ಅಂತ ಪಟ್ಟಿ ಮಾಡಿದ್ದೀರಿ. ಎಲ್ಲಿಗೆ ಹೋದರೂ ಮಗ ರಚ್ಚೆ ಹಿಡಿಯುತ್ತಾನೆ, ಇದಕ್ಕಿಂತ ಒಳ್ಳೆಯ ಜಾಗ ಇದ್ದರೆ ಹೇಳಿ, ಇಲ್ಲವಾದರೆ ಇದನ್ನೆಲ್ಲ ಮುಂದಿನ ವರ್ಷಕ್ಕೆ ಬಿಡಲಾ ಅಂತ ಕೇಳಿದ್ದೀರಿ. ಅಯ್ಯೋ, ಆ ಪಟ್ಟಿ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲೂ ಒಂದಿತ್ತು. ಬರೆದವನು ನಾನೇ.

ಮಗಳಿಗೆ ಆಗ ನಿಮ್ಮ ಮಗನ ವಯಸ್ಸು. ನಡೆಯಲು ಕಲಿತು ಕೆಲವೇ ತಿಂಗಳಾಗಿತ್ತು. ಅಪ್ಪ ಅಮ್ಮ ನಮ್ಮ ಜೊತೆ ಇರಲು ಬಂದಿದ್ದರು, ವಾಪಸ್ ಹೊರಡುವ ದಿನ ಹತ್ತಿರ ಬರುತ್ತಿತ್ತು. ಕಾಡಿನ ಕಡೆ ಮರಗಳೆಲ್ಲ ಕೆಂಪಾಗಿವೆ, ಈ ವಾರ ಬಿಟ್ಟರೆ ಸಿಗಲ್ಲ ಅಂತ ನೋಡಿ ಬಂದವರೆಲ್ಲ ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ. ಹಗಲು ಚಿಕ್ಕದಾದ ಹಾಗೆ ಎಲೆಯೊಳಗಿನ ಹಸಿರು ಒಡೆದುಹೋಗುತ್ತದೆ, ಮೊದಲಿನಿಂದಲೂ ಅದರ ಮರೆಯಲ್ಲಿದ್ದ ಹಳದಿ ಆಚೆ ಕಾಣುತ್ತದೆ. ಕೆಂಪನ್ನು ಮಾತ್ರ ಎಲೆ ಆಗಲೇ ಹೊಸದಾಗಿ ಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಎಲೆಯನ್ನು ಕೊಂಬೆಯಿಂದ ಬಿಡಿಸುವ ಪದರವೊಂದು ಬೆಳೆಯುತ್ತಿರುತ್ತದೆ. ಆಮೇಲೆ ಒಂದು ಜೋರು ಗಾಳಿಮಳೆ ಸಾಕು, ಮರ ಬೋಳು. ನಾನು ಹವಾಮಾನ ನೋಡಿದೆ, ಭಾನುವಾರ ಗಾಳಿಮಳೆ ಅಂತಿತ್ತು. ಶನಿವಾರವೇ ಹೋಗಲೇಬೇಕು ಅಂತ ಹಠ ಹಿಡಿದೆ. ಮನೆಯಲ್ಲಿ ಹಠ ಮಾಡುವುದು ಮಗು ಒಂದೇ ಅಲ್ಲ ನೋಡಿ.

ಇನ್ನು ಎಡವಟ್ಟಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಯಾಕೆಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಅನುಮಾನ. "ಊಟ ಮುಗಿಸಿ ಹೊರಡುತ್ತೇವೆ, ದಾರಿಯಲ್ಲಿ ನಿದ್ದೆ ಮಾಡುತ್ತಾನೆ" ಅಂತ ನೀವು ಬರೆದ ಸಾಲು ಓದಿದಾಗಲೇ ನನಗೆ ಅರ್ಥವಾಯಿತು.

ನಾವು ಹೊರಟಿದ್ದೂ ಮಧ್ಯಾಹ್ನ, ಸರಿಯಾಗಿ ಅವಳು ಮಲಗುವ ಹೊತ್ತಿಗೆ. ಮಲಗಿಸಿ ಎಬ್ಬಿಸಿ ಆಮೇಲೆ ಹೋಗೋಣ ಅಂದಳು ಹೆಂಡತಿ. ಅಷ್ಟೊತ್ತಿಗೆ ಬೆಳಕು ಹೋಗಿರುತ್ತದೆ, ಕಾರಿನಲ್ಲಿ ಮಲಗುತ್ತಾಳೆ ಬಿಡು ಅಂದೆ. ಮಲಗಲಿಲ್ಲ. ಅಜ್ಜ ಅಜ್ಜಿ ಅಕ್ಕಪಕ್ಕ ಕೂತಿರುವಾಗ ಯಾವ ಮಗು ಮಲಗುತ್ತದೆ? ದಾರಿಯುದ್ದಕ್ಕೂ ಕಿಲಕಿಲ ನಗು. ಕಾಡಿನ ರಸ್ತೆಗೆ ತಿರುಗಿದಾಗ ಜೋಂಪು ಹತ್ತಿತು, ಕಾರು ನಿಲ್ಲಿಸುವ ಹೊತ್ತಿಗೆ ತಲೆ ವಾಲಿಸಿ ಮಲಗೇ ಬಿಟ್ಟಳು.

ಈಗ ಎರಡೇ ದಾರಿ. ಕಾರಿನಲ್ಲೇ ಕೂತು ಕಾಯಬೇಕು, ಇಲ್ಲವಾದರೆ ಎಬ್ಬಿಸಬೇಕು. ನಾನು ಎಬ್ಬಿಸಿದೆ. ಎಬ್ಬಿಸಿದ್ದಷ್ಟೇ ತಪ್ಪು ಅಂತ ತುಂಬಾ ದಿನ ಅಂದುಕೊಂಡಿದ್ದೆ, ಆದರೆ ಅದಲ್ಲ. ಎಬ್ಬಿಸದಿದ್ದರೂ ದಿನ ಕೆಟ್ಟಿರುತ್ತಿತ್ತು, ಯಾಕೆಂದರೆ ಅವಳು ಎದ್ದು ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ನಿಜವಾದ ತಪ್ಪು ಹೊರಟ ಹೊತ್ತು. ಎದ್ದಾಗಿನಿಂದ ಮಗುವಿನಲ್ಲಿ ನಿದ್ದೆಯ ಒತ್ತಡ ಸ್ವಲ್ಪ ಸ್ವಲ್ಪವಾಗಿ ಏರುತ್ತಿರುತ್ತದೆ. ಹತ್ತು ಹದಿನೈದು ನಿಮಿಷದ ಕಾರಿನ ನಿದ್ದೆ ಆ ಒತ್ತಡದ ಮೊನೆಯನ್ನಷ್ಟೇ ಮುರಿಯುತ್ತದೆ, ದಣಿವು ಹೋಗುವುದಿಲ್ಲ. ಮತ್ತೆ ಮಲಗಿಸಲು ಹೋದರೆ ಕಣ್ಣು ಮುಚ್ಚುವುದಿಲ್ಲ, ಎದ್ದಿರಲು ಮೈಯಲ್ಲಿ ಕಸುವಿಲ್ಲ. ದೊಡ್ಡವರಾದರೆ ಒಂದು ಲೋಟ ಕಾಫಿ ಕುಡಿದು ಸುಧಾರಿಸಿಕೊಳ್ಳುತ್ತೇವೆ. ಮಗುವಿಗೆ ಅಳು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಅವಳು ಅತ್ತಳು. ಕೋಟು ಹಾಕಲು ಬಿಡಲಿಲ್ಲ. ಕೆಂಪು ಮರದ ಕೆಳಗೆ ನಿಲ್ಲಿಸಿದರೆ ನೆಲಕ್ಕೆ ಬಿದ್ದು ಹೊರಳಾಡಿದಳು. ಒಂದು ಫೋಟೋ, ಒಂದೇ ಒಂದು ಅಂತ ನಾನು ಫೋನ್ ಹಿಡಿದು ಕೋತಿಯ ಹಾಗೆ ಕುಣಿದೆ, ಅವಳು ಇನ್ನೂ ಜೋರಾಗಿ ಅತ್ತಳು. ಮೊಮ್ಮಗಳ ಕೈ ಹಿಡಿದು ಆ ಎಲೆಗಳ ಮೇಲೆ ನಾಲ್ಕು ಹೆಜ್ಜೆ ಹಾಕಬೇಕು ಅಂತ ಅಮ್ಮನಿಗೆ ಆಸೆ ಇತ್ತು. ಅದು ಆಗಲಿಲ್ಲ. ವಾಪಸ್ ಬರುವಾಗ ಮಗಳು ಗಾಢವಾಗಿ ಮಲಗಿದಳು, ಹಾಗಾಗಿ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ, ಮರುದಿನವೂ ಎಲ್ಲ ಏರುಪೇರು. ಅಪ್ಪ ಅಮ್ಮನ ಜೊತೆಗಿನ ಕೊನೆಯ ದಿನಗಳು ಸಿಡಿಮಿಡಿಯಲ್ಲಿ ಕಳೆದವು. ಮಳೆ? ಭಾನುವಾರ ಒಂದು ಹನಿಯೂ ಬೀಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಯಾವ ಜಾಗ ಒಳ್ಳೆಯದು ಅಂತ ಕೇಳಿದ್ದೀರಿ, ನಾನು ಯಾವ ಜಾಗವನ್ನೂ ಹೇಳುವುದಿಲ್ಲ. ಜಾಗದಿಂದ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಗಡಿಯಾರ. ಬೆಳಿಗ್ಗೆ ತಿಂಡಿ ಆದ ತಕ್ಷಣ ಹೊರಡಿ, ಮಧ್ಯಾಹ್ನದ ನಿದ್ದೆಗೆ ಮೊದಲು ಮನೆ ಸೇರಿ. ಅಷ್ಟರೊಳಗೆ ಹೋಗಿ ಬರಲು ಆಗುವ ಜಾಗವೇ ನಿಮ್ಮ ಜಾಗ. ಆಗದಿದ್ದರೆ ಅದು ದೊಡ್ಡವರ ಜಾಗ, ಮಗುವನ್ನು ಯಾರ ಹತ್ತಿರವಾದರೂ ಬಿಟ್ಟು ನೀವಿಬ್ಬರೇ ಹೋಗಿ ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ನಾವು ಹಾಗೆ ಹೋಗಿದ್ದೇವೆ, ಬಹಳ ಚೆನ್ನಾಗಿತ್ತು.

ಬಣ್ಣದ ಅವಸರವನ್ನೂ ಬಿಡಿ. ಮರದ ಮೇಲಿನ ಬಣ್ಣ ನೋಡಲು ಕತ್ತೆತ್ತಬೇಕು, ಈ ವಯಸ್ಸಿನ ಮಕ್ಕಳು ಕತ್ತು ಬಗ್ಗಿಸಿ ಬದುಕುತ್ತಾರೆ. ಅವರಿಗೆ ಬೇಕಾದದ್ದು ನೆಲಕ್ಕೆ ಬಿದ್ದ ಎಲೆ. ಒದೆಯಬಹುದು, ಹರಿಯಬಹುದು, ಚರಚರ ಅನ್ನಿಸಬಹುದು, ನಿಮ್ಮ ಜೇಬಿಗೆ ತುರುಕಬಹುದು. ಹಾಗಾಗಿ ಎಲ್ಲರೂ ಸೀಸನ್ ಮುಗಿಯಿತು ಅನ್ನುವ ವಾರವೇ ಮಗುವಿನ ಸೀಸನ್ ಶುರು. ಜನ ಇರಲ್ಲ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ನೆಲ ತುಂಬಾ ಎಲೆ. ಆ ಶನಿವಾರಕ್ಕಾಗಿ ನಾನು ಅಷ್ಟೆಲ್ಲಾ ರಂಪ ಮಾಡಿದ್ದು ದಂಡ ಅಂತ ಗೊತ್ತಾಗಿದ್ದೇ ಹೀಗೆ. ಕೆಲವು ವಾರ ಕಳೆದ ಮೇಲೆ ಮಗಳನ್ನು ಮನೆ ಹತ್ತಿರದ ಬೋಳು ಮರದ ಕೆಳಗೆ ಸುಮ್ನೆ ಬಿಟ್ಟರೆ ವಾಪಸ್ ಬರಲು ಒಪ್ಪಲೇ ಇಲ್ಲ.

ಇನ್ನೊಂದು ಮಾತು. "ಎಲ್ಲಿಗೆ ಕರೆದುಕೊಂಡು ಹೋದರೂ ಮುಂದಕ್ಕೆ ನಡೆಯುವುದೇ ಇಲ್ಲ" ಅಂತ ಬೇಜಾರು ಮಾಡಿಕೊಂಡಿದ್ದೀರಿ. ಮುಂದಕ್ಕೆ ಯಾಕೆ ನಡೆಯಬೇಕು ಅವನು? ಕ್ಯಾರೆನ್ ಅಡಾಲ್ಫ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ನೋಡಿ ಹೆಜ್ಜೆ ಲೆಕ್ಕ ಹಾಕಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ಸರಾಸರಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಅಷ್ಟು ನಡೆದರೂ ಬಹುಪಾಲು ಎಲ್ಲಿಗೋ ತಲುಪಲು ನಡೆಯುವುದಲ್ಲ, ನಡೆಯುವುದೇ ಆಟ ಅಂತ ಅದೇ ತಂಡದ ಆಮೇಲಿನ ಕೆಲಸ ತೋರಿಸಿತು. ಅಂದರೆ ನಿಮ್ಮ ಮಗ ಕಾರು ನಿಲ್ಲಿಸಿದ ಜಾಗದಲ್ಲೇ ಸುತ್ತು ಹೊಡೆಯುತ್ತಿದ್ದರೆ ಅವನ ಪ್ರವಾಸ ಆಗಲೇ ನಡೆಯುತ್ತಿದೆ. ಅಪಾಯವಿಲ್ಲದ ಕಡೆ ಇಳಿಸಿ ಬಿಡಿ, ಅವನ ಹಿಂದೆ ನಡೆಯಿರಿ. ಪಾಪ, ಒದ್ದಾಡುವ ಮಗುವನ್ನು ಎತ್ತಿಕೊಂಡು ನೋಡುವ ಜಾಗಕ್ಕೆ ಓಡುವ ಅಪ್ಪಂದಿರನ್ನು ನೋಡಿದರೆ ನನಗೆ ನನ್ನದೇ ನೆನಪು. ತಳ್ಳುಗಾಡಿಯಲ್ಲಿ ಕಟ್ಟಿ ಕೂರಿಸಿ ಇಡೀ ದಿನ ಸುತ್ತಿಸುವುದೂ ಬೇಡ. ಈ ವಯಸ್ಸಿನ ಮಕ್ಕಳನ್ನು ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು, ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿದ್ದೆ, ಹಗಲಿನದ್ದೂ ಸೇರಿ, 11ರಿಂದ 14 ಗಂಟೆ. ಇವೆರಡನ್ನೂ ಒಂದು ದಿನದಲ್ಲಿ ಕೂಡಿಸಿ ನೋಡಿ, ದೂರದ ಪ್ರಯಾಣಕ್ಕೆ ಎಷ್ಟು ಉಳಿಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ನೆನಪುಗಳನ್ನು ಮಾಡಬೇಕು ಅಂತ ಬರೆದಿದ್ದೀರಿ. ಯಾರಿಗೆ? ಒಂದೂವರೆ ವರ್ಷದ ಘಟನೆಗಳು ದೊಡ್ಡವರಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ನನ್ನ ಮಗಳಿಗೆ ಆ ಕಾಡೂ ನೆನಪಿಲ್ಲ, ನನ್ನ ಕುಣಿತವೂ ಇಲ್ಲ, ಪುಣ್ಯಕ್ಕೆ. ನೆನಪು ಉಳಿಯುವುದು ನಿಮಗೆ. ಹಾಗಿದ್ದ ಮೇಲೆ ನಿಮಗೆ ಖುಷಿಯಾಗುವ ಹಾಗೆ ಮಾಡಿಕೊಳ್ಳುವುದರಲ್ಲಿ ಮುಜುಗರ ಯಾಕೆ? ಬೆವರು ಸುರಿಸಿಕೊಂಡು, ಗಂಡ ಹೆಂಡತಿ ಜಗಳ ಆಡಿಕೊಂಡು ಫೋಟೋ ತೆಗೆದರೆ ಆಮೇಲೆ ಆ ಫೋಟೋದಲ್ಲಿ ನಿಮಗೆ ಕಾಣುವುದು ಜಗಳವೇ.

ನನಗೆ ಆ ವರ್ಷದ್ದು ಅಂತ ಉಳಿದಿರುವುದೆಲ್ಲ ಮನೆಯ ಸುತ್ತಮುತ್ತಲಿನವು. ಈ ಕಾಲದಲ್ಲಿ ಸೂರ್ಯ ತಗ್ಗಿನಲ್ಲಿರುತ್ತಾನೆ, ಬೆಳಿಗ್ಗೆಯೇ ನೆರಳು ಉದ್ದುದ್ದ ಬೀಳುತ್ತದೆ. ಅವಳು ತನ್ನ ನೆರಳನ್ನು ತುಳಿಯಲು ಓಡುತ್ತಿದ್ದಳು, ಅದು ಸಿಗದಿದ್ದರೆ ತಿರುಗಿ ನನ್ನನ್ನು ಬೈಯುತ್ತಿದ್ದಳು. ಕಿಟಕಿ ಗಾಜಿನ ಮೇಲೆ ಕೂತ ಹನಿಯಲ್ಲಿ ಬೆರಳಾಡಿಸುವುದು ಒಂದು ದೊಡ್ಡ ಕೆಲಸ. ಬೇಗ ಕತ್ತಲಾಗುವುದು ನಮಗೆಲ್ಲ ಬೇಜಾರು, ಆದರೆ ಮಲಗುವ ಮುಂಚೆ ಮಗುವಿಗೆ ಚಂದ್ರ ಮತ್ತು ನಕ್ಷತ್ರ ಕಾಣುವುದು ಅದರಿಂದಲೇ ಅಲ್ವಾ. ಬೇಸಿಗೆಯಲ್ಲಿ ಅವಳು ಮಲಗುವಾಗ ಇನ್ನೂ ಬೆಳಕಿರುತ್ತಿತ್ತು. ಎಲೆ ಉದುರಿದ ಮೇಲೆ ಮರದಲ್ಲಿ ಅಡಗಿದ್ದ ಹಕ್ಕಿಗೂಡು ಬಯಲಾಗುತ್ತದೆ, ಅದನ್ನು ದಿನಾ ಹೋಗಿ ನೋಡಿ ಬರುವುದೇ ಒಂದು ಪ್ರವಾಸ. ಅಂಗಳ ಗುಡಿಸುವ ಕೆಲಸ ಇದ್ದರೆ ಅವನಿಗೂ ಒಂದು ಪುಟ್ಟ ಪೊರಕೆ ಕೊಡಿ. ನೀವು ಗುಡ್ಡೆ ಹಾಕಿದ್ದನ್ನು ಅವನು ಹರಡುತ್ತಾನೆ. ಗುಡಿಸುವುದು ಯಾವತ್ತೂ ಮುಗಿಯುವುದಿಲ್ಲ, ಆದರೆ ನೀವು ಅಲ್ಲಿರುವುದು ಗುಡಿಸಲು ಅಲ್ಲವಲ್ಲ.

ಕಣ್ಣಿಡಬೇಕಾದದ್ದು ಕಾಯಿಗಳ ಮೇಲೆ. ಮರದ ಕೆಳಗೆ ಬಿದ್ದ ಗುಂಡಗಿನ ಕಾಯಿ, ಬೀಜ ಎಲ್ಲವೂ ಈ ವಯಸ್ಸಿನಲ್ಲಿ ನೇರ ಬಾಯಿಗೆ ಹೋಗುತ್ತವೆ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಕುದುರೆ ಚೆಸ್ಟ್‌ನಟ್ ಅನ್ನುವ ಹೊಳೆಯುವ ಕಂದು ಕಾಯಿ ವಿಷವೂ ಹೌದು. ಅಣಬೆ ಕಂಡರೆ ಮುಟ್ಟಲೂ ಬಿಡಬೇಡಿ. ಕಾರಿನಲ್ಲಿ ದಪ್ಪ ಹತ್ತಿ ತುಂಬಿದಂಥ ಕೋಟಿನ ಮೇಲೆ ಸೀಟ್ ಬೆಲ್ಟ್ ಬಿಗಿಯಬೇಡಿ. ಡಿಕ್ಕಿಯಾದರೆ ಕೋಟು ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ತೆಳ್ಳಗಿನ ಬಟ್ಟೆಯಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಅದರ ಮೇಲೆ ಹೊದಿಕೆ ಹೊದಿಸಿ.

ಮುಂದಿನ ವರ್ಷಕ್ಕೆ ಬಿಡುವುದಂತೂ ಬೇಡವೇ ಬೇಡ. ಎರಡೂವರೆಗೆ ಎಲ್ಲ ಸರಿಹೋಗುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಆಗ "ಬೇಡ" ಅನ್ನಲು ಕಲಿತಿರುತ್ತಾರೆ, ಬೂಟು ತಾನೇ ಹಾಕಿಕೊಳ್ಳುತ್ತೇನೆ ಅಂತ ಬಾಗಿಲಲ್ಲೇ ಅರ್ಧ ಬೆಳಿಗ್ಗೆ ಕಳೆಯುತ್ತಾರೆ. ಅದು ಬೇರೆಯೇ ಕಥೆ. ಈ ಶನಿವಾರದ ಜಾಗ ರದ್ದು ಮಾಡಿ, ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ತಿಂಡಿ ಆದ ಮೇಲೆ ನಡೆದು ಹೋಗುವಷ್ಟು ದೂರಕ್ಕೆ ಹೋಗಿ. ಮಗುವಿನ ಬೂಟು, ಸಾಕ್ಸ್ ಇನ್ನೊಂದು ಜೊತೆ ಇಟ್ಟುಕೊಳ್ಳಿ. ಎಲೆ ರಾಶಿಯ ಅಡಿಯಲ್ಲಿ ನೀರು ನಿಂತಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ.