ಫ್ರೀಜರ್‌ಗೋಸ್ಕರ ಕಂಪನಿ ಬರೆದುಕೊಡಬೇಡಿ

ಪ್ರಶ್ನೆ: ಮೇಡಂ, ನಾನು ಮತ್ತು ಗೆಳತಿ ಮೈಕ್ರೋಬಯಾಲಜಿ ಎಂಎಸ್ಸಿ ಮುಗಿಸಿದ್ದೇವೆ. ಹಸುವಿನ ಕೆಚ್ಚಲು ಬಾವನ್ನು ಶುರುವಿನಲ್ಲೇ ಹಿಡಿಯುವ ಪಟ್ಟಿಯೊಂದನ್ನು ಮಾಡಿದ್ದೇವೆ. ಹಾಲಿಗೆ ಅದ್ದಿದರೆ ಬಣ್ಣ ತಿರುಗುತ್ತದೆ. ಕಾಲೇಜಿನ ಲ್ಯಾಬ್ ಇನ್ನು ಸಿಗುವುದಿಲ್ಲ. ಬೆಂಗಳೂರಿನ ಪರಿಚಯದವರೊಬ್ಬರು ಲ್ಯಾಬ್ ಜೊತೆ 5 ಲಕ್ಷ ಕೊಡುತ್ತಾರಂತೆ. ಬದಲಿಗೆ ಕಂಪನಿಯಲ್ಲಿ ನೂರಕ್ಕೆ 40 ಪಾಲು ಕೇಳುತ್ತಿದ್ದಾರೆ. ಒಪ್ಪೋಣವೇ?
– ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಒಪ್ಪಬೇಡಿ. ನಿಮಗೆ ಸದ್ಯಕ್ಕೆ ಬೇಕಿರುವುದು ಒಂದು ಬೆಂಚು, ಒಂದು ಸೆಂಟ್ರಿಫ್ಯೂಜ್, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಸ್ವಲ್ಪ ಜಾಗ. ಇವೆಲ್ಲ ಬಾಡಿಗೆಗೆ ಸಿಗುತ್ತವೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಸಿ-ಕ್ಯಾಂಪ್, ಎಲೆಕ್ಟ್ರಾನಿಕ್ ಸಿಟಿಯ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್ ಎರಡೂ ಹೊಸ ಕಂಪನಿಗಳಿಗೆ ಅಂಥ ಜಾಗ ಕೊಡುತ್ತವೆ. ಬಾಡಿಗೆಗೆ ಸಿಗುವ ವಸ್ತುವಿಗೆ ಇಷ್ಟು ಪಾಲು ಈಗಲೇ ಬರೆದುಕೊಟ್ಟರೆ, ನಾಳೆ ದೊಡ್ಡ ಹಣ ಹಾಕುವವರು ಬಂದಾಗ ನಿಮ್ಮಿಬ್ಬರ ಕೈಲಿ ಏನು ಉಳಿಯುತ್ತೆ ಹೇಳಿ?

ದುಡ್ಡಿಗೆ ಬೈರಾಕ್ ಕಡೆ ನೋಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ ‘ಬಿಗ್’ ಯೋಜನೆಯಲ್ಲಿ 18 ತಿಂಗಳ ಕೆಲಸಕ್ಕೆ 50 ಲಕ್ಷದವರೆಗೆ ಸಿಗುತ್ತದೆ. ಅದು ಸಾಲ ಅಲ್ಲ, ಗ್ರಾಂಟ್. ಸಿ-ಕ್ಯಾಂಪ್, ಹೈದರಾಬಾದಿನ ಐಕೆಪಿಯಂಥ ಕಡೆಯವರು ಇದರ ಪಾಲುದಾರರು. ಗ್ರಾಂಟ್ ಸಿಕ್ಕಿದ ಮೇಲೆ ಕೆಲಸದ ಜೊತೆಗೆ ನಿಂತು ದಾರಿ ತೋರಿಸುವವರೂ ಅವರೇ. ಹೊಸ ಕಂಪನಿಗಳಿಗೆ ಹಣ ಕೊಡುವ ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆ ಕೂಡ ಇದೆ, ಅದನ್ನೂ ಬಿಡಬೇಡಿ.

ಇಂಥ ಕಡೆ ಬೆಂಚು ಹಿಡಿಯಿರಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಬಾಡಿಗೆ ಕಡಿಮೆ ಅನ್ನುವುದಷ್ಟೇ ಕಾರಣ ಅಲ್ಲ. ನನ್ನ ಕಂಪನಿ ಹೀಗೆ ಹೊಸ ಕಂಪನಿಗಳಿಗೆ ಜಾಗ ಕೊಡುವ ಒಂದು ಕೇಂದ್ರದಲ್ಲಿ (ಇನ್‌ಕ್ಯುಬೇಟರ್ ಅನ್ನುತ್ತಾರೆ) ಮೂರು ವರ್ಷ ಇತ್ತು. ಒಂದು ಭಾನುವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಫ್ರೀಜರ್‌ನ ಅಲಾರಂ ಹೊಡೆದುಕೊಂಡಿತು. ಕಂಪ್ರೆಸರ್ ಹೋಗಿತ್ತು. ಒಳಗೆ ಎರಡು ವರ್ಷದ ಸ್ಯಾಂಪಲ್ಲು. ನಾನು ಮೈಸೂರಿನಲ್ಲಿ, ಅಕ್ಕನ ಮನೆಯಲ್ಲಿದ್ದೆ. ಪಕ್ಕದ ಬೆಂಚಿನ ಕಂಪನಿಯ ಹುಡುಗ ಇನ್ನೂ ಕೆಲಸ ಮಾಡ್ತಾ ಇದ್ದ. ತಮ್ಮ ಫ್ರೀಜರ್‌ನ ಎರಡು ಅರೆ ಖಾಲಿ ಮಾಡಿದ. ಥರ್ಮಾಕೋಲ್ ಡಬ್ಬಿಗೆ ಡ್ರೈ ಐಸ್ ತುಂಬಿ ನಮ್ಮ ಡಬ್ಬಿಗಳನ್ನು ಒಂದೊಂದಾಗಿ ಸಾಗಿಸಿದ. ಯಾವುದು ಎಲ್ಲಿದೆ ಎಂದು ಟೇಪಿನ ಮೇಲೆ ಬರೆದು ಅಂಟಿಸಿ, ಪ್ರತಿಯೊಂದರ ಫೋಟೊ ವಾಟ್ಸಾಪಿನಲ್ಲಿ ಕಳಿಸಿದ. ಕೊನೆಯ ಫೋಟೊ ಬಂದಾಗ ಎರಡೂಕಾಲು. ಅವರಿಗೂ ನಮಗೂ ಕಾಗದದ ಮೇಲೆ ಒಂದು ಸಾಲಿನ ಒಪ್ಪಂದವೂ ಇರಲಿಲ್ಲ. ಆಮೇಲೆ ಒಳ್ಳೆಯ ಪೇಟೆಂಟ್ ವಕೀಲರನ್ನು ಪರಿಚಯ ಮಾಡಿಸಿದ್ದೂ ಅವನೇ. ನಿಮ್ಮ ಪರಿಚಯದವರ ಲ್ಯಾಬಿನಲ್ಲಿ ಪಕ್ಕದ ಬೆಂಚು ಇರುವುದಿಲ್ಲ ಅಲ್ವಾ?

ಪೇಟೆಂಟ್ ಅಂದೆ. ಪಟ್ಟಿಯನ್ನು ಹೊರಗೆ ಯಾರಿಗೂ ತೋರಿಸುವ ಮೊದಲು ಪೇಟೆಂಟಿಗೆ ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು ಅಲ್ಲಿಂದ 12 ತಿಂಗಳು ಸಮಯ ಇರುತ್ತದೆ. ನಾನು ಹಾಗೆ ಮಾಡದೆ ಮೊದಲು ಲೇಖನ ಅಚ್ಚು ಹಾಕಿಸಿದೆ. ನಮ್ಮ ಮೊದಲ ಕಿಟ್‌ಗೆ ಪೇಟೆಂಟ್ ಕೈತಪ್ಪಿತು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ. ಇನ್ನೊಂದು ವಿಷಯ: ಕೆಲಸ ಕಾಲೇಜಿನ ಲ್ಯಾಬಿನಲ್ಲಿ ಆಗಿದೆ. ಇದರಲ್ಲಿ ನಿಮ್ಮ ಹಕ್ಕೆಷ್ಟು, ಕಾಲೇಜಿನದೆಷ್ಟು ಎಂದು ಅವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಗೈಡ್ ಬಾಯಿಮಾತಲ್ಲಿ ಹೂಂ ಅಂದರೆ ಸಾಲದು.

ಅರ್ಜಿ ಹಾಕಿದ ಮೇಲೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. ನಿಮಗೆ ಹತ್ತಿರ, ಮತ್ತೆ ಕಾಯಿಲೆ ಇರುವ, ಇಲ್ಲದ ಹಸುಗಳ ಹಾಲು ಸಿಗಲು ಅವರ ಸಹಕಾರ ಬೇಕೇ ಬೇಕು. ಕೆಚ್ಚಲು ಬಾವಿಗೆ ಈಗಾಗಲೇ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಎಂಬ ಪರೀಕ್ಷೆ ಇದೆ: ನಾಲ್ಕು ಬಟ್ಟಲ ತಟ್ಟೆಗೆ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಕರೆದು, ದ್ರಾವಣ ಹಾಕಿ ಅಲ್ಲಾಡಿಸುತ್ತಾರೆ. ಬಾವು ಇದ್ದರೆ ಹಾಲು ಲೋಳೆಯಾಗುತ್ತದೆ. ಅದು ಅಗ್ಗ, ಕೊಟ್ಟಿಗೆಯಲ್ಲೇ ಆಗುತ್ತದೆ. ನಿಮ್ಮ ಪಟ್ಟಿ ಅದಕ್ಕಿಂತ ಹೇಗೆ ಮೇಲು ಎಂದೇ ಗ್ರಾಂಟ್ ಕೊಡುವವರು ಮೊದಲು ಕೇಳುವುದು.

ಬಣ್ಣ ತಿರುಗಲು ಎಷ್ಟು ನಿಮಿಷ ಬೇಕು ಅಂತ ನೀವು ಬರೆದಿಲ್ಲ. ಡೇರಿಯ ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರಿಗೆ ಜಾಸ್ತಿ ಹೊತ್ತು ಕಾಯಲು ಆಗುವುದಿಲ್ಲ. ಅದೊಂದು ಲೆಕ್ಕ ನನಗೆ ಬರೆದು ಕಳಿಸಿ.